ಡಿಜಿಟಲ್ ಕಂಡಕ್ಟಿವಿಟಿ ಮೀಟರ್: ಪಾಠಕ್ಕೆ ಸೈ, ಸಂಶೋಧನೆಗೆ ಷರತ್ತಿನ ಮೇಲೆ

ದ್ರಾವಣದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ (ಅಂದರೆ ಅದರ ವಾಹಕತೆ) ಎಂದು ಅಳೆಯುವ ಪೆಟ್ಟಿಗೆ ಕಂಡಕ್ಟಿವಿಟಿ ಮೀಟರ್. ಭೌತ ರಸಾಯನಶಾಸ್ತ್ರ ಹಿಡಿದವರಿಗೆ ಈ ಉಪಕರಣ ಬಿ.ಎಸ್‌ಸಿ. ಪ್ರಾಕ್ಟಿಕಲ್‌ನಲ್ಲಿ ಜೊತೆಯಾದರೆ ನಿವೃತ್ತಿಯವರೆಗೆ ಬಿಡುವುದಿಲ್ಲ. ಮೊದಲು ಆಮ್ಲ–ಪ್ರತ್ಯಾಮ್ಲ ಅನುಮಾಪನ (ಟೈಟ್ರೇಷನ್), ಎಂ.ಎಸ್‌ಸಿ.ಯಲ್ಲಿ ಎಸ್ಟರ್ ಜಲವಿಭಜನೆಯ ವೇಗ, ಪಿಎಚ್.ಡಿ.ಯಲ್ಲಿ ಸರ್ಫ್ಯಾಕ್ಟಂಟ್‌ಗಳ (ಸೋಪಿನಂಥ ವಸ್ತುಗಳ) ಮಿಸೆಲ್ ಸಾಂದ್ರತೆ, ಅಂದರೆ ಅವುಗಳ ಅಣುಗಳು ಗುಂಪುಗೂಡತೊಡಗುವ ಸಾಂದ್ರತೆ, ಆಮೇಲೆ ಮೇಷ್ಟ್ರಾಗಿ ನಿಂತು ಮತ್ತದೇ ಆಮ್ಲ–ಪ್ರತ್ಯಾಮ್ಲ. ಸ್ವೀಡನ್ನಿನ ರಸಾಯನ ವಿಜ್ಞಾನಿ ಅರ್ಹೀನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧವೂ ದ್ರಾವಣಗಳ ವಾಹಕತೆಯ ಮೇಲಿನದ್ದೇ. ಪರೀಕ್ಷಕರು ಕೆಳದರ್ಜೆ ಕೊಟ್ಟರು. ಅದರಿಂದ ಬೆಳೆದ, ಲವಣ–ಆಮ್ಲಗಳು ನೀರಿನಲ್ಲಿ ವಿದ್ಯುದಂಶವುಳ್ಳ ಕಣಗಳಾಗಿ (ಅಯಾನುಗಳಾಗಿ) ಒಡೆಯುತ್ತವೆ ಎಂಬ ಅಯಾನು ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಬಂತು. ನಮ್ಮ ಕಾಲೇಜುಗಳಲ್ಲಿ ಅದೇ ಅಳತೆಗೆ ಇರುವ ಪೆಟ್ಟಿಗೆ ಎಷ್ಟು ನಂಬಿಕಸ್ಥ ಎನ್ನುವುದು ಈ ವಿಮರ್ಶೆಯ ವಿಷಯ.

ಇಲ್ಲಿ ನೋಡುತ್ತಿರುವುದು ಒಂದು ಕಂಪನಿಯ ಒಂದು ಮಾದರಿಯನ್ನಲ್ಲ, ಒಂದು ದರ್ಜೆಯನ್ನು. ಹರಿಯಾಣದ ಅಂಬಾಲ ಕಡೆಯಿಂದ ಬರುವ, ಮೇಜಿನ ಮೇಲಿಡುವ, ಮೂರೂವರೆ ಅಂಕಿಯ ಡಿಜಿಟಲ್ ಮೀಟರ್. ಮೇಲಿನ ಹೆಸರು ಬೇರೆಯಾದರೂ ಮುಂಭಾಗ ಹೆಚ್ಚುಕಡಿಮೆ ಒಂದೇ: 200 ಮೈಕ್ರೋಸೀಮೆನ್ಸ್, 2, 20 ಮತ್ತು 200 ಮಿಲಿಸೀಮೆನ್ಸ್ ಎಂದು ನಾಲ್ಕು ರೇಂಜ್ (ಸೀಮೆನ್ಸ್ ವಾಹಕತೆಯ ಏಕಮಾನ; ದ್ರಾವಣದ ಅಂಕಿಗಳನ್ನು ‘ಪ್ರತಿ ಸೆಂಟಿಮೀಟರಿಗೆ’ ಎಂದು ಓದಿಕೊಳ್ಳಿ), ಒಂದು ‘ಕ್ಯಾಲ್–ರೀಡ್’ ಸ್ವಿಚ್, ಸೆಲ್ ಕಾನ್‌ಸ್ಟಂಟ್‌ಗೆ (ಸೆಲ್‌ನ ತಗಡುಗಳ ಅಳತೆ, ಅಂತರಕ್ಕೆ ತಕ್ಕಂತೆ ಅಂಕಿಯನ್ನು ಸರಿದೂಗಿಸುವ ಗುಣಕ) ಒಂದು ಗುಂಡಿ, ತಾಪಮಾನಕ್ಕೆ ಇನ್ನೊಂದು. ಜೊತೆಗೆ ಗಾಜಿನ ಗಂಟೆಯೊಳಗೆ ಎರಡು ಪ್ಲಾಟಿನಂ ತಗಡು ಎದುರುಬದುರು ನಿಂತ, ಅದ್ದಿ ಬಳಸುವ ಸೆಲ್. ನಿಖರತೆಯ ಸಾಲಿನಲ್ಲಿ ಸಾಮಾನ್ಯವಾಗಿ ‘ಪೂರ್ಣ ರೇಂಜ್‌ನ ±1%’ ಎಂದಿರುತ್ತದೆ. ಈ ಸಾಲನ್ನು ಓದದೆ ಕೊಟೇಷನ್‌ಗೆ ಸಹಿ ಹಾಕಬೇಡಿ. 20 ಮಿಲಿಸೀಮೆನ್ಸ್ ರೇಂಜ್‌ನಲ್ಲಿ 1% ಎಂದರೆ 0.2 ಮಿಲಿಸೀಮೆನ್ಸ್. ಪರದೆ 2.00 ತೋರಿಸುವಾಗ ನಿಜವಾದದ್ದು 1.8 ಇರಬಹುದು, 2.2 ಇರಬಹುದು, ಕಂಪನಿ ಎರಡಕ್ಕೂ ತಪ್ಪಿತಸ್ಥನಲ್ಲ.

ಹಾಗಾದರೆ ಇದು ಕೆಟ್ಟ ಮೀಟರ್ರೇ? ಏನು ಅಳೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಒಂದು ಅಳತೆಗೂ ಅದರ ಮುಂದಿನ ಅಳತೆಗೂ ಇರುವ ವ್ಯತ್ಯಾಸ ಸಾಕು ಎನ್ನುವ ಕೆಲಸಕ್ಕೆ ಇದು ಬಹಳ ಒಳ್ಳೆಯದು. ಅಂಕಿಯೇ ಸತ್ಯವಾಗಿರಬೇಕು ಎನ್ನುವ ಕೆಲಸಕ್ಕೆ ಮೀಟರ್ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ನೀವೇ ಮಾಡಬೇಕು.

ಮೊದಲನೆಯದಕ್ಕೆ ಅನುಮಾಪನವೇ ಉದಾಹರಣೆ. 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿ.ಲೀ. ಬೀಕರ್‌ನಲ್ಲಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬ್ಯೂರೆಟ್‌ನಲ್ಲಿ. ಶುರುವಿನಲ್ಲಿ ಮೀಟರ್ ಸುಮಾರು 4.1 ಮಿಲಿಸೀಮೆನ್ಸ್ ತೋರಿಸಬೇಕು. ಹೈಡ್ರೋಜನ್ ಅಯಾನಿನ ಮೋಲಾರ್ ವಾಹಕತೆ (ಒಂದು ಮೋಲ್‌ಗೆ ಬರುವ ವಾಹಕತೆ) 350ರ ಹತ್ತಿರ, ಅದರ ಜಾಗಕ್ಕೆ ಬರುವ ಸೋಡಿಯಂನದು ಬರೀ 50. ಹಾಗಾಗಿ ಅಂಕಿ ದಡದಡ ಇಳಿದು 5 ಮಿ.ಲೀ. ಹತ್ತಿರ 1.1ಕ್ಕೆ ಬರುತ್ತದೆ. ಅಲ್ಲಿಂದ ಮುಂದೆ 199ರ ಹೈಡ್ರಾಕ್ಸೈಡ್ ಸೇರುತ್ತಾ ಮತ್ತೆ ಏರಿ, 8 ಮಿ.ಲೀ. ಹೊತ್ತಿಗೆ 2.3 ಆಗುತ್ತದೆ. ಮೀಟರ್ ಎಲ್ಲ ಅಂಕಿಯನ್ನೂ ಐದು ಶೇಕಡಾ ಹೆಚ್ಚಿಗೆ ಹೇಳಿದರೂ ‘ವಿ’ ಆಕಾರದ ಮೂಲೆ 5 ಮಿ.ಲೀ. ಬಿಟ್ಟು ಕದಲುವುದಿಲ್ಲ. ಸೆಲ್ ಕಾನ್‌ಸ್ಟಂಟ್ ಗೊತ್ತಿರದಿದ್ದರೂ ನಡೆಯುತ್ತದೆ. ತಲಾ 0.5 ಮಿ.ಲೀ. ಹಾಕುತ್ತಾ ಹದಿನಾರು ಬಿಂದು ತೆಗೆದರೆ ಸಾಕು. ಮೂಲೆಯ ಹತ್ತಿರ ಹನಿಹನಿಯಾಗಿ ಹಾಕುವ ಅಭ್ಯಾಸ ಬಣ್ಣದ ಸೂಚಕದ ಅನುಮಾಪನದಿಂದ ಬಂದದ್ದು, ಇಲ್ಲಿ ಅದರಿಂದ ಏನೂ ಸಿಗದು. ಎರಡು ಗೆರೆಗಳನ್ನು ದೂರದ ಬಿಂದುಗಳಿಂದ ಎಳೆದು ಕೂಡಿಸುವುದೇ ಈ ವಿಧಾನದ ಗುಟ್ಟು.

ಕೆಡುವುದು ಎರಡು ಕಡೆ. ಅಂಕಿ 2ಕ್ಕಿಂತ ಕೆಳಗಿಳಿಯುತ್ತಿದ್ದಂತೆ ಚುರುಕಿನ ವಿದ್ಯಾರ್ಥಿ ರೇಂಜನ್ನು 20ರಿಂದ 2ಕ್ಕೆ ತಿರುಗಿಸುತ್ತಾನೆ. ಇನ್ನೊಂದು ಅಂಕಿ ಹೆಚ್ಚು ಸಿಗುತ್ತದಲ್ಲ ಎಂದು. ಎರಡು ರೇಂಜ್‌ಗಳ ದೋಷ ಒಂದೇ ಅಲ್ಲವಾದ್ದರಿಂದ ಗ್ರಾಫಿನಲ್ಲಿ ಅಲ್ಲೊಂದು ಮೆಟ್ಟಿಲು ಮೂಡುತ್ತದೆ, ಗೆರೆಯ ಇಳಿಜಾರು ಕೆಡುತ್ತದೆ. ಶುರು ಮಾಡಿದ ರೇಂಜ್‌ನಲ್ಲೇ ಮುಗಿಸಿ. ಇನ್ನೊಂದು, ಬ್ಯೂರೆಟ್‌ನಲ್ಲೂ 0.01 ಮೋಲಾರ್ ಪ್ರತ್ಯಾಮ್ಲವನ್ನೇ ತುಂಬುವುದು. ಆಗ ದ್ರಾವಣದ ಗಾತ್ರ ಇಮ್ಮಡಿಯಾಗಿ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ. ಬ್ಯೂರೆಟ್‌ನ ದ್ರಾವಣ ಹತ್ತು ಪಟ್ಟು ಗಟ್ಟಿ ಇರಲಿ. ಆಗಲೂ ಪ್ರತಿ ಅಂಕಿಯನ್ನು ‘ಮೂಲ ಗಾತ್ರ ಕೂಡಿಸು ಹಾಕಿದ ಗಾತ್ರ, ಭಾಗಿಸು ಮೂಲ ಗಾತ್ರ’ದಿಂದ ಗುಣಿಸಿದರೆ ಗೆರೆ ನೆಟ್ಟಗಾಗುತ್ತದೆ.

ಈಗ ಕಷ್ಟದ ಕಡೆಗೆ. ಅಸಿಟಿಕ್ ಆಮ್ಲದ ವಿಯೋಜನ ಸ್ಥಿರಾಂಕ (ಆಮ್ಲ ನೀರಿನಲ್ಲಿ ಎಷ್ಟರಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಎಂಬುದರ ಅಳತೆ) ಎಲ್ಲ ಪಠ್ಯಕ್ರಮದಲ್ಲೂ ಇದೆ, ಮತ್ತು ಈ ಮೀಟರ್‌ಗೆ ಹೆಚ್ಚು ಕೆಟ್ಟ ಹೆಸರು ತಂದಿರುವುದೂ ಇದೇ ಪ್ರಯೋಗ. 25 ಡಿಗ್ರಿಯಲ್ಲಿ 0.1 ಮೋಲಾರ್ ಆಮ್ಲ ಸುಮಾರು 520 ಮೈಕ್ರೋಸೀಮೆನ್ಸ್, 0.01 ಮೋಲಾರ್ ಸುಮಾರು 162, 0.001 ಮೋಲಾರ್ ಸುಮಾರು 49 ಕೊಡಬೇಕು. ಕೊನೆಯದರಲ್ಲಿ ನೀರಿನ ಪಾಲು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಬಟ್ಟಿ ನೀರೇ 5 ಮೈಕ್ರೋಸೀಮೆನ್ಸ್ ಇದ್ದರೆ ಮೀಟರ್ 54 ಹೇಳುತ್ತದೆ. ಮೋಲಾರ್ ವಾಹಕತೆಯನ್ನು 390.7ರಿಂದ (ಆಮ್ಲ ಪೂರ್ತಿ ಒಡೆದರೆ ಬರುವ ಮಿತಿ ವಾಹಕತೆ) ಭಾಗಿಸಿ, ಒಡೆದ ಪಾಲಿನಿಂದ ಸ್ಥಿರಾಂಕ ಕೊಡುವ ಓಸ್ಟ್ವಾಲ್ಡ್ ಸೂತ್ರಕ್ಕೆ ಹಾಕಿದರೆ 1.78 × 10⁻⁵ ಬರಬೇಕಾದದ್ದು 2.2 × 10⁻⁵ ಆಗುತ್ತದೆ. ಹತ್ತು ಶೇಕಡಾ ತಪ್ಪು ಸೂತ್ರದೊಳಗೆ ವರ್ಗವಾಗಿ ಇಪ್ಪತ್ತು ದಾಟಿತು. ಬಯ್ಗುಳ ತಿನ್ನುವುದು ಮಾತ್ರ ಮೀಟರ್.

ನೀರಿನ ಅಂಕಿಯನ್ನು ಕಳೆದುಬಿಟ್ಟರೆ ಆಯಿತಲ್ಲ ಎಂದರೆ, ಪೂರ್ತಿ ಸರಿಯಲ್ಲ. ಗಾಳಿಗೆ ತೆರೆದಿಟ್ಟ ಶುದ್ಧ ನೀರು ಇಂಗಾಲದ ಡೈಆಕ್ಸೈಡ್ ಕುಡಿದು ಸುಮಾರು 1 ಮೈಕ್ರೋಸೀಮೆನ್ಸ್ ತೋರಿಸುತ್ತದೆ. ಏನೂ ಸೇರದ ನೀರಿನದು 0.055. ಅಸಿಟಿಕ್ ಆಮ್ಲ ಹಾಕಿದಾಗ ಆ ಕಾರ್ಬಾನಿಕ್ ಆಮ್ಲದ ವಿಯೋಜನೆ ಅಡಗಿಹೋಗುತ್ತದೆ, ಹಾಗಾಗಿ ಆ ಪಾಲನ್ನು ಕಳೆಯಬಾರದು. ಲವಣಗಳಿಂದ ಬಂದ ಪಾಲನ್ನು ಕಳೆಯಬೇಕು. ಎರಡನ್ನೂ ಬೇರ್ಪಡಿಸುವ ತಲೆನೋವು ಬೇಡವಾದರೆ ನೀರನ್ನು 2 ಮೈಕ್ರೋಸೀಮೆನ್ಸ್ ಒಳಗೆ ತನ್ನಿ ಮತ್ತು 0.001 ಮೋಲಾರ್ ಬಿಂದುವನ್ನು ಪಟ್ಟಿಯಿಂದ ಕೈಬಿಡಿ. ಬ್ಯಾಟರಿಗೆ ಹಾಕಲು ಕ್ಯಾನ್‌ನಲ್ಲಿ ಮಾರುವ ‘ಡಿಸ್ಟಿಲ್ಡ್ ವಾಟರ್’ ತಂದು ಈ ಪ್ರಯೋಗ ಮಾಡಿಸುವ ಕಡೆ ವಿದ್ಯಾರ್ಥಿಯ ಉತ್ತರಕ್ಕೆ ಅಂಕ ಕಳೆಯುವುದು ಅನ್ಯಾಯ.

ಈಗ ಸೆಲ್‌ಗೆ ಬರೋಣ, ಈ ವಿಮರ್ಶೆಯ ಅರ್ಧ ಅಂಕ ಅದಕ್ಕೇ. ಪೆಟ್ಟಿಗೆ ತೆರೆದಾಗ ತಗಡುಗಳು ಮಸಿ ಬಳಿದಂತೆ ಕಪ್ಪಾಗಿರಬೇಕು. ಅದು ಕೊಳೆಯಲ್ಲ, ಪ್ಲಾಟಿನಂ ಬ್ಲ್ಯಾಕ್. ನುಣ್ಣಗಿನ ಪುಡಿಯಂಥ ಈ ಲೇಪದಿಂದ ತಗಡಿನ ಮೇಲ್ಮೈ ನೂರಾರು ಪಟ್ಟು ಹಿಗ್ಗಿ, ಧ್ರುವೀಕರಣದಿಂದ (ತಗಡಿನ ಮೇಲೆ ಅಯಾನುಗಳು ಜಮೆಯಾಗಿ ವಿದ್ಯುತ್ತಿಗೆ ಅಡ್ಡಬರುವುದರಿಂದ) ಬರುವ ತಪ್ಪು ಇಳಿಯುತ್ತದೆ. ಜರ್ಮನ್ ಭೌತವಿಜ್ಞಾನಿ ಕೋಲ್‌ರೌಶ್ ಹತ್ತೊಂಬತ್ತನೇ ಶತಮಾನದಲ್ಲೇ ಪರ್ಯಾಯ ವಿದ್ಯುತ್ ಬಳಸಿದ್ದೂ ಇದೇ ಕಾಟದಿಂದ ತಪ್ಪಿಸಿಕೊಳ್ಳಲು. ಹೊಸದಾಗಿ ಬಂದ ಅಟೆಂಡರ್ ‘ಕಪ್ಪಾಗಿದೆ ಸಾರ್’ ಎಂದು ಹತ್ತಿಯಲ್ಲಿ ಉಜ್ಜಿ ಬೆಳ್ಳಗೆ ಹೊಳೆಯಿಸಿದರೆ ಸೆಲ್ ಅಂದೇ ಅರ್ಧ ಸತ್ತಂತೆ. ದುರ್ಬಲ ದ್ರಾವಣಗಳಲ್ಲಿ ವ್ಯತ್ಯಾಸ ಕಾಣದು, 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಅಂಕಿ ಕಡಿಮೆ ಬರತೊಡಗುತ್ತದೆ. ಪರೀಕ್ಷೆ ಸುಲಭ: 0.01 ಮೋಲಾರ್‌ನಿಂದ ಸಿಕ್ಕ ಸೆಲ್ ಕಾನ್‌ಸ್ಟಂಟ್‌ಗೂ 0.1 ಮೋಲಾರ್‌ನಿಂದ ಸಿಕ್ಕದ್ದಕ್ಕೂ ಎರಡು ಶೇಕಡಾಕ್ಕಿಂತ ಹೆಚ್ಚು ಅಂತರವಿದ್ದರೆ ಮೊದಲು ಲೇಪವನ್ನು ಅನುಮಾನಿಸಿ.

ಲೇಪವನ್ನು ಲ್ಯಾಬ್‌ನಲ್ಲೇ ಮತ್ತೆ ಕೂರಿಸಬಹುದು. 100 ಮಿ.ಲೀ. ನೀರಿಗೆ ಸುಮಾರು 3 ಗ್ರಾಂ ಕ್ಲೋರೋಪ್ಲಾಟಿನಿಕ್ ಆಮ್ಲ ಮತ್ತು 20–25 ಮಿಲಿಗ್ರಾಂ ಲೆಡ್ ಅಸಿಟೇಟ್. ಸೆಲ್ ಅದ್ದಿ, ಪ್ರತಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್‌ನಂತೆ ವಿದ್ಯುತ್ ಹರಿಸಿ, ಅರ್ಧ ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತಾ ಹತ್ತು ನಿಮಿಷ. ಆಮೇಲೆ ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಗೆಯೇ ಕೆಲವು ನಿಮಿಷ, ಕೊನೆಗೆ ಬಟ್ಟಿ ನೀರಿನಲ್ಲಿ ಹಲವು ಸಲ ತೊಳೆಯಿರಿ. ಪ್ಲಾಟಿನಂ ಲವಣದ ಬೆಲೆ ನೋಡಿದರೆ ಒಂದೇ ಸೆಲ್‌ಗಾಗಿ ಇದನ್ನು ಮಾಡುವುದು ದುಂದು. ನಾಲ್ಕೈದು ಸೆಲ್ ಸೇರಿದಾಗ ಒಟ್ಟಿಗೆ ಮಾಡಿ, ದ್ರಾವಣವನ್ನು ಎತ್ತಿಡಿ. ಲೇಪ ಒಣಗಲು ಬಿಡಬೇಡಿ. ಸೆಲ್ ಸದಾ ಬಟ್ಟಿ ನೀರಿನಲ್ಲಿ ನಿಂತಿರಲಿ. ಬೇಸಿಗೆ ರಜೆಯಲ್ಲಿ ಆ ಬೀಕರ್ ಆರಿಹೋಗುತ್ತದೆ ಎಂಬುದನ್ನು ಏಪ್ರಿಲ್‌ನಲ್ಲೇ ನೆನಪಿಡಬೇಕು.

ಸೆಲ್‌ನ ಗಾಜಿನ ಗಂಟೆಯ ಮೇಲ್ಭಾಗದಲ್ಲಿ ಗಾಳಿ ಹೋಗಲು ತೂತು ಇರುತ್ತದೆ. ದ್ರಾವಣ ಆ ತೂತಿನ ಮೇಲೆ ಕನಿಷ್ಠ ಅರ್ಧ ಸೆಂಟಿಮೀಟರ್ ನಿಲ್ಲಬೇಕು. 100 ಮಿ.ಲೀ. ಬೀಕರ್‌ನಲ್ಲಿ 25 ಮಿ.ಲೀ. ದ್ರಾವಣ ಇಟ್ಟು ‘ಅಂಕಿ ಕುಣಿಯುತ್ತಿದೆ’ ಎಂದು ದೂರುವವರ ಸೆಲ್ ಅರ್ಧ ಗಾಳಿಯಲ್ಲಿರುತ್ತದೆ. ತಗಡಿನ ನಡುವೆ ಗುಳ್ಳೆ ಸಿಕ್ಕಿದರೂ ಇದೇ ಲಕ್ಷಣ: ಅಂಕಿ ಕಡಿಮೆ, ಸೆಲ್ ಮೇಲೆತ್ತಿ ಅದ್ದಿದರೆ ತಟ್ಟನೆ ಏರಿಕೆ. ಮ್ಯಾಗ್ನೆಟಿಕ್ ಸ್ಟರರ್ ಬಳಸುವುದಾದರೆ ಓದುವ ಮುನ್ನ ನಿಲ್ಲಿಸಿ, ಅದರೊಳಗಿನ ಹೀಟರ್ ಮುಟ್ಟಬೇಡಿ.

ತಾಪಮಾನದ ಗುಂಡಿಗೆ ನಮ್ಮ ಲೆಕ್ಕದಲ್ಲಿ ಸೊನ್ನೆ ಅಂಕ. 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ 20 ಡಿಗ್ರಿಯಲ್ಲಿ 1278, 25ರಲ್ಲಿ 1413, 30ರಲ್ಲಿ 1552 ಮೈಕ್ರೋಸೀಮೆನ್ಸ್. ಐದು ಡಿಗ್ರಿಗೆ ಹತ್ತಿರ ಹತ್ತಿರ ಹತ್ತು ಶೇಕಡಾ. ಗುಂಡಿ ಮಾಡುವುದು ಡಿಗ್ರಿಗೆ 2% ಎಂದು ಕಣ್ಣುಮುಚ್ಚಿ ಸರಿದೂಗಿಸುವ ಕೆಲಸ. ಲವಣಗಳಿಗೆ ಹೇಗೋ ನಡೆಯುತ್ತದೆ. ಪ್ರಬಲ ಆಮ್ಲಕ್ಕೆ ಬೇಕಾದದ್ದು 1.6ರ ಆಸುಪಾಸು, ಶುದ್ಧ ನೀರಿಗೆ 5ರ ಆಸುಪಾಸು. ಗುಂಡಿಯನ್ನು 25ರಲ್ಲಿ ನಿಲ್ಲಿಸಿ ಮರೆತುಬಿಡಿ, ದ್ರಾವಣವನ್ನೇ ವಾಟರ್ ಬಾತ್‌ನಲ್ಲಿಡಿ. ಆದರೆ ಬಾತ್‌ನಲ್ಲಿ ಇರುವುದು ಹೀಟರ್ ಮಾತ್ರ. ಜನವರಿಯ ಬೆಂಗಳೂರಿನಲ್ಲಿ 25 ಡಿಗ್ರಿ ಹಿಡಿಯುವುದು ಸಲೀಸು. ಏಪ್ರಿಲ್‌ನ ಕಲಬುರಗಿಯಲ್ಲಿ ಕೋಣೆಯೇ 36 ಇರುವಾಗ ಯಾವ ಹೀಟರ್ ತಾನೇ ತಂಪು ಮಾಡೀತು? ಅಲ್ಲಿ 40 ಡಿಗ್ರಿಗೆ ಬಾತ್ ಇಟ್ಟು ಅನುಮಾಪನ ಮಾಡಿಸಬಹುದು, ವೇಗದ ಅಧ್ಯಯನವನ್ನೂ ಮಾಡಿಸಬಹುದು. ವಿಯೋಜನ ಸ್ಥಿರಾಂಕಕ್ಕೆ ಮಾತ್ರ ಪುಸ್ತಕದ 390.7 ಬಳಸುವಂತಿಲ್ಲ, ಅದು 25 ಡಿಗ್ರಿಯದು. ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಅಸಿಟೇಟ್, ಸೋಡಿಯಂ ಕ್ಲೋರೈಡ್‌ಗಳ ಮಿತಿ ವಾಹಕತೆಯನ್ನು ಅದೇ ತಾಪಮಾನದಲ್ಲಿ ಅಳೆದು, ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆಯಬೇಕು. ಪ್ರತಿ ಅಯಾನು ತನ್ನ ಪಾಲಿನ ವಾಹಕತೆಯನ್ನು ಸ್ವತಂತ್ರವಾಗಿ ಕೊಡುತ್ತದೆ ಎನ್ನುವ ಕೋಲ್‌ರೌಶ್ ನಿಯಮವನ್ನು ಬಾಯಿಪಾಠ ಮಾಡಿಸುವ ಬದಲು ಹೀಗೆ ಬಳಸಿ ಕಲಿಸುವುದೇ ಲೇಸು.

ಸೆಲ್ ಕಾನ್‌ಸ್ಟಂಟ್ ಗುಂಡಿಯ ಬಗ್ಗೆಯೂ ಅಭಿಪ್ರಾಯ ಇಂಥದ್ದೇ. 0.7455 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು (110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ ಆರಿಸಿದ್ದು) ಒಂದು ಲೀಟರಿಗೆ ತನ್ನಿ. ಅದರಲ್ಲಿ ಸೆಲ್ ಅದ್ದಿ ಪರದೆ 1.413 ಬರುವವರೆಗೆ ಗುಂಡಿ ತಿರುಗಿಸಿ ಎನ್ನುತ್ತದೆ ಕೈಪಿಡಿ. ಕೆಲಸ ಆಗುತ್ತದೆ, ಆದರೆ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ಪಕ್ಕದ ಬ್ಯಾಚ್‌ನವರು ಗುಂಡಿ ಮುಟ್ಟಿದರೆ ಗೊತ್ತೂ ಆಗುವುದಿಲ್ಲ. ಗುಂಡಿಯನ್ನು 1.000ಕ್ಕೆ ಇಟ್ಟು ಮೇಲೊಂದು ಟೇಪ್ ಅಂಟಿಸಿ. ಪರದೆ 1.372 ತೋರಿಸಿದರೆ ಸೆಲ್ ಕಾನ್‌ಸ್ಟಂಟ್ 1.413 ಭಾಗಿಸು 1.372, ಅಂದರೆ 1.030. ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಸಿ, ಎಲ್ಲ ಅಂಕಿಗಳನ್ನೂ ಅದರಿಂದ ಗುಣಿಸಲಿ. ವೈವಾದಲ್ಲಿ ‘ಸೆಲ್ ಕಾನ್‌ಸ್ಟಂಟ್ ಅಂದರೇನಪ್ಪಾ?’ ಎಂದಾಗ ಮೌನ ಮುರಿಯುವ ಮದ್ದು ಇದು. ಸೆಲ್‌ಗಳ ಹಿಡಿಗೆ ಬಣ್ಣದ ಗುರುತು ಹಾಕಿ. ಸೆಲ್‌ಗಳು ಮೀಟರ್‌ನಿಂದ ಮೀಟರ್‌ಗೆ ಓಡಾಡಿದರೆ ಈ ಅಂಕಿಗೆ ಅರ್ಥವಿಲ್ಲ.

ತಪ್ಪು ಮೀಟರಿನದೋ ಸೆಲ್ಲಿನದೋ ಎಂಬ ಜಗಳ ಪ್ರತಿ ಲ್ಯಾಬ್‌ನಲ್ಲೂ ಇದೆ. ಬಗೆಹರಿಸಲು ಬೇಕಾದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ನಾಲ್ಕು ಮೆಟಲ್ ಫಿಲ್ಮ್ ರೆಸಿಸ್ಟರ್, 1% ದರ್ಜೆಯವು. ಸೆಲ್ ಕಿತ್ತು ಅದರ ಜಾಗಕ್ಕೆ ರೆಸಿಸ್ಟರ್ ಸಿಕ್ಕಿಸಿ. ಗುಂಡಿ 1.000ರಲ್ಲಿದ್ದಾಗ 100 ಓಮ್‌ಗೆ 10 ಮಿಲಿಸೀಮೆನ್ಸ್, 1 ಕಿಲೋಓಮ್‌ಗೆ 1 ಮಿಲಿಸೀಮೆನ್ಸ್, 10 ಕಿಲೋಓಮ್‌ಗೆ 100 ಮೈಕ್ರೋಸೀಮೆನ್ಸ್, 100 ಕಿಲೋಓಮ್‌ಗೆ 10 ಬರಬೇಕು. ಬಂದರೆ ಪೆಟ್ಟಿಗೆ ನಿರ್ದೋಷಿ, ಸೆಲ್ ನೋಡಿ. ಬರದಿದ್ದರೆ ಪೆಟ್ಟಿಗೆ ವಾಪಸ್. ಡೆಲಿವರಿ ತೆಗೆದುಕೊಳ್ಳುವ ದಿನವೇ, ಬಿಲ್ಲಿಗೆ ಸಹಿ ಹಾಕುವ ಮುನ್ನ, ಮೀಟರ್ ಹಾಕಿ ಅರ್ಧ ಗಂಟೆ ಬಿಟ್ಟು ಈ ಪರೀಕ್ಷೆ ಮಾಡಿ.

ವೇಗದ ಅಧ್ಯಯನದಲ್ಲಿ ಈ ಮೀಟರ್ ನಿಜಕ್ಕೂ ಮಿಂಚುತ್ತದೆ. ಈಥೈಲ್ ಅಸಿಟೇಟನ್ನು ಸೋಡಿಯಂ ಹೈಡ್ರಾಕ್ಸೈಡ್ ಒಡೆಯುವಾಗ ಹೈಡ್ರಾಕ್ಸೈಡ್ ಹೋಗಿ ಮಂದಗತಿಯ ಅಸಿಟೇಟ್ ಬರುತ್ತದೆ, ವಾಹಕತೆ ಇಳಿಯುತ್ತದೆ. ಬೆರೆಸಿದ ಮೇಲೆ ಎರಡೂ 0.01 ಮೋಲಾರ್ ಇರುವಂತೆ ಮಾಡಿದರೆ ಶುರು 2.4 ಮಿಲಿಸೀಮೆನ್ಸ್, 2ರ ರೇಂಜ್ ದಾಟಿತು, 20ರಲ್ಲಿ ಓದಬೇಕು, ಕೊನೆಯ ಅಂಕಿ ಒರಟು. 0.005 ಮೋಲಾರ್ ಇರುವಂತೆ ಬೆರೆಸಿ: 1.20ರಿಂದ 0.43ರ ಕಡೆಗೆ ಇಳಿಯುತ್ತದೆ, ಇಡೀ ಓಟ 2ರ ರೇಂಜ್‌ನಲ್ಲಿ, ಸಾವಿರದ ಒಂದಂಶದವರೆಗೆ ಓದಬಹುದು. 25 ಡಿಗ್ರಿಯಲ್ಲಿ ವೇಗ ಸ್ಥಿರಾಂಕ 0.11ರ ಸುತ್ತ (ಲೀಟರ್ ಪ್ರತಿ ಮೋಲ್ ಪ್ರತಿ ಸೆಕೆಂಡ್), ಅರ್ಧಾಯು ಸುಮಾರು ಅರ್ಧ ಗಂಟೆ. ಮೂರು ಗಂಟೆಯ ಪ್ರಾಕ್ಟಿಕಲ್‌ಗೆ ಹೇಳಿ ಮಾಡಿಸಿದ್ದು. ಅಂತಿಮ ಅಂಕಿಗಾಗಿ ಮರುದಿನದವರೆಗೆ ಕಾಯಬೇಡಿ, 0.005 ಮೋಲಾರ್ ಸೋಡಿಯಂ ಅಸಿಟೇಟನ್ನು ಬೇರೆಯಾಗಿ ಅಳೆದರಾಯಿತು. ಹಳೆಯ ಹೈಡ್ರಾಕ್ಸೈಡ್ ದ್ರಾವಣ ಕಾರ್ಬೊನೇಟ್ ಆಗಿರುತ್ತದೆ, ಅಂದೇ ತಯಾರಿಸಿ. ಎಸ್ಟರ್ ದ್ರಾವಣವೂ ಅಂದಿನದೇ ಆಗಲಿ.

ಸಂಶೋಧನೆಗೆ? ಸೋಡಿಯಂ ಡೋಡೆಸೈಲ್ ಸಲ್ಫೇಟ್‌ನಂಥ ಸರ್ಫ್ಯಾಕ್ಟಂಟ್‌ನ ಮಿಸೆಲ್ ಸಾಂದ್ರತೆ ಹುಡುಕಲು ಧಾರಾಳ ಸಾಕು, ಯಾಕೆಂದರೆ ಅಲ್ಲಿಯೂ ಬೇಕಾದ್ದು ಗೆರೆ ಮುರಿಯುವ ಜಾಗ. 50 ಮಿ.ಲೀ. ನೀರಿಗೆ 0.1 ಮೋಲಾರ್ ದ್ರಾವಣ ಹಾಕುತ್ತಾ ಹೋದರೆ 25 ಡಿಗ್ರಿಯಲ್ಲಿ ಸುಮಾರು 4.5 ಮಿ.ಲೀ. ಹತ್ತಿರ, ಅಂದರೆ 8.2 ಮಿಲಿಮೋಲಾರ್‌ನಲ್ಲಿ, ಇಳಿಜಾರು ಬದಲಾಗುತ್ತದೆ. ಜೋರಾಗಿ ಕಲಕಿದರೆ ನೊರೆ ಸೆಲ್‌ನ ಗಾಜಿನ ಗಂಟೆಯೊಳಗೆ ಹೊಕ್ಕು ಆಟ ಕೆಡಿಸುತ್ತದೆ. ಅದೇ ಗ್ರಾಫಿನ ಎರಡು ಇಳಿಜಾರುಗಳ ಅನುಪಾತದಿಂದ ಮಿಸೆಲ್‌ನ ಅಯಾನೀಕರಣದ ಪ್ರಮಾಣ ತೆಗೆದು, ಅದರಿಂದ ಉಷ್ಣಗತಿಯ ಅಂಕಿಗಳನ್ನು ಮೂರು ದಶಮಾಂಶ ಸ್ಥಾನದವರೆಗೆ ಬರೆದು ಪ್ರಬಂಧ ಕಳುಹಿಸುವವರಿಗೆ ಒಂದು ಮಾತು: ತಾಪಮಾನ ±0.1 ಡಿಗ್ರಿಯೊಳಗೆ ನಿಂತಿರದಿದ್ದರೆ ಮೂರನೆಯ ಸ್ಥಾನ ಮೀಟರಿನದ್ದಲ್ಲ, ಕ್ಯಾಲ್‌ಕ್ಯುಲೇಟರಿನದು. ಅಯಾನು ಜೋಡಣೆಯ ಸ್ಥಿರಾಂಕ, ಮಿತಿ ವಾಹಕತೆಯಂಥ ಕೆಲಸಕ್ಕೆ ಈ ದರ್ಜೆ ಸಾಲದು. ಪರ್ಯಾಯ ವಿದ್ಯುತ್ತಿನ ಕಂಪನಾಂಕ ಬದಲಿಸಿ ರೋಧ ಅಳೆಯಬಲ್ಲ ಎಲ್.ಸಿ.ಆರ್. ಮೀಟರ್ ಮತ್ತು ಎಣ್ಣೆಯ ಬಾತ್ ಬೇಕು. ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಜೇಬಿನ ಟಿ.ಡಿ.ಎಸ್. ಪೆನ್‌ಗಳನ್ನು ಅಗ್ಗವೆಂದು ಲ್ಯಾಬಿಗೆ ತರುವ ಯೋಚನೆ ಬೇಡ, ಅವು ವಾಹಕತೆಯನ್ನು 0.5 ಅಥವಾ 0.7ರಿಂದ ಗುಣಿಸಿ ಪಿ.ಪಿ.ಎಂ. ಎಂದು ತೋರಿಸುತ್ತವೆ, ಯಾವುದರಿಂದ ಎಂದು ಹೇಳುವುದಿಲ್ಲ.

ಅಂಕ ಕೊಡಲೇಬೇಕಾದರೆ ಐದರಲ್ಲಿ ಅನುಮಾಪನಕ್ಕೆ ನಾಲ್ಕೂವರೆ, ವೇಗಕ್ಕೆ ನಾಲ್ಕು, ವಿಯೋಜನ ಸ್ಥಿರಾಂಕಕ್ಕೆ ಎರಡೂವರೆ, ಸಂಶೋಧನೆಗೆ ಮೂರು.

ಸರ್ಕಾರಿ ಕಾಲೇಜುಗಳು ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನಲ್ಲಿ ಕೊಳ್ಳುವಾಗ ಬರೀ ‘ಡಿಜಿಟಲ್ ಕಂಡಕ್ಟಿವಿಟಿ ಮೀಟರ್’ ಎಂದು ಬರೆದರೆ ಅತಿ ಅಗ್ಗದ ಸೆಲ್ ಬರುತ್ತದೆ. ಸೆಲ್ ಕಾನ್‌ಸ್ಟಂಟ್ 1.0 ± 0.1, ಪ್ಲಾಟಿನಂ ಬ್ಲ್ಯಾಕ್ ಲೇಪ, ತಗಡಿನ ಅಳತೆ, ಕೇಬಲ್ ಕನಿಷ್ಠ ಒಂದು ಮೀಟರ್, ಪ್ರತಿ ಮೀಟರ್‌ಗೆ ಒಂದು ಹೆಚ್ಚುವರಿ ಸೆಲ್ ಎಂದು ಸ್ಪಷ್ಟವಾಗಿ ನಮೂದಿಸಿ. ಗಾಜಿನ ಗಂಟೆ ಒಡೆಯುವುದು ವಾರಂಟಿಗೆ ಸೇರದು, ಮತ್ತು ಒಡೆಯುವುದು ಖಂಡಿತ. ಮೀಟರನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಗಳಿರುವ ಕಪಾಟಿನ ಪಕ್ಕ ಇಡಬೇಡಿ. ಹೊಗೆಗೆ ಸೆಲ್‌ನ ಪ್ಲಗ್ ಹಸಿರುಗಟ್ಟಿ ಅಂಕಿ ನಿಲ್ಲದೆ ಅಲೆಯತೊಡಗುತ್ತದೆ. ಹಾಗಾದಾಗ ಸರ್ವಿಸ್‌ನವರಿಗೆ ಫೋನ್ ಮಾಡುವ ಮುನ್ನ ಪ್ಲಗ್ ಕಿತ್ತು, ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಹಾಕಿ ನೋಡಿ.